ಕಾಂಗರೂ, ವಾಲಬಿ: ಮ್ಯಾಕ್ರೋಪಸ್ ಕುಲವನ್ನು ಒಡೆದದ್ದೇಕೆ?

ಆಸ್ಟ್ರೇಲಿಯದ ಕೆಂಪು ಕಾಂಗರೂವಿಗೆ ಈಗ ಎರಡು ವೈಜ್ಞಾನಿಕ ಹೆಸರುಗಳು ಚಲಾವಣೆಯಲ್ಲಿವೆ. ಹಳೆಯ ಪಠ್ಯಪುಸ್ತಕಗಳಲ್ಲಿ, ಮೃಗಾಲಯದ ಫಲಕಗಳಲ್ಲಿ, ದಶಕಗಳ ಕಾಲ ಬಂದ ಸಂಶೋಧನಾ ಪ್ರಬಂಧಗಳಲ್ಲಿ ಅದು ಮ್ಯಾಕ್ರೋಪಸ್ ರೂಫಸ್. ಆಸ್ಟ್ರೇಲಿಯದ ಸಸ್ತನಿ ತಜ್ಞರು ಇಂದು ಬಳಸುವ ಪಟ್ಟಿಗಳಲ್ಲಿ ಆಸ್ಫ್ರಾಂಟರ್ ರೂಫಸ್. ಬೂದು ಕಾಂಗರೂಗಳ ಹೆಸರು ಬದಲಾಗಲಿಲ್ಲ, ಅವು ಮ್ಯಾಕ್ರೋಪಸ್ ಆಗಿಯೇ ಉಳಿದವು. ಕೆಂಪುಕತ್ತಿನ ವಾಲಬಿ, ಟ್ಯಾಮರ್, ಪಾರ್ಮಾ ಮುಂತಾದ ಪೊದೆಗಾಡಿನ ವಾಲಬಿಗಳು ನೋಟಮ್ಯಾಕ್ರೋಪಸ್ ಎಂಬ ಮೂರನೆಯ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ಹೋದವು. ಹದಿಮೂರು ಜೀವಂತ ಪ್ರಭೇದಗಳಿದ್ದ ಒಂದು ಕುಲದಲ್ಲಿ ಈಗ ಉಳಿದಿರುವುದು ಎರಡೇ.

ಇದನ್ನು ಕೇಳಿದವರು ಸಾಮಾನ್ಯವಾಗಿ, ವಿಜ್ಞಾನಿಗಳಿಗೆ ಹೆಸರು ಬದಲಿಸುವುದೇ ಕೆಲಸ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಈ ಬದಲಾವಣೆಯ ಹಿಂದಿನ ತರ್ಕವನ್ನು ಬಿಡಿಸಿ ನೋಡಿದರೆ ಅದು ಅಗತ್ಯವಾಗಿತ್ತು ಎಂದೇ ಅನ್ನಿಸುತ್ತದೆ. ಪ್ರಾಣಿಗಳನ್ನು ಗಾತ್ರ ಮತ್ತು ರೂಪ ನೋಡಿ ಗುಂಪು ಮಾಡುವುದು ಬೇರೆ, ನೆಂಟಸ್ತಿಕೆ ನೋಡಿ ಗುಂಪು ಮಾಡುವುದು ಬೇರೆ. ಕಾಂಗರೂಗಳ ವಿಷಯದಲ್ಲಿ ಇವೆರಡನ್ನು ಬೆರೆಸಿಕೊಂಡದ್ದರಿಂದ ವಿಜ್ಞಾನಕ್ಕಷ್ಟೇ ಅಲ್ಲ, ಸಂರಕ್ಷಣೆಗೂ ನಷ್ಟವಾಗಿದೆ.

ಮೊದಲು ಜನಬಳಕೆಯ ಮಾತು. ದೊಡ್ಡದು ಕಾಂಗರೂ, ಚಿಕ್ಕದು ವಾಲಬಿ, ನಡುವಿನದು ವಾಲರೂ. ಇಷ್ಟೇ ಅದರ ನಿಯಮ. ಇಪ್ಪತ್ತು ಕಿಲೋ ಮೀರಿದರೆ ಕಾಂಗರೂ ಎಂಬ ಗಡಿಯನ್ನು ಕೆಲವರು ಹಾಕುತ್ತಾರೆ, ಆದರೆ ಪ್ರಾಣಿಗಳು ಅದನ್ನು ಪಾಲಿಸುವುದಿಲ್ಲ. ಉತ್ತರ ಆಸ್ಟ್ರೇಲಿಯದ ಅಜೈಲ್ ವಾಲಬಿಯ ಗಂಡು ಇಪ್ಪತ್ತೈದು ಕಿಲೋ ದಾಟಬಲ್ಲದು. ಅದೇ ಭಾಗದ ಆರ್ನೆಮ್ ಲ್ಯಾಂಡ್ ಬಂಡೆಗಳ ನಡುವೆ ವಾಸಿಸುವ ಕಪ್ಪು ವಾಲರೂವಿನ ಗಂಡು ಅದಕ್ಕಿಂತ ಹಗುರ. ಆದರೂ ಒಂದು ವಾಲಬಿ, ಇನ್ನೊಂದು ವಾಲರೂ.

ನೆಂಟಸ್ತಿಕೆಯ ಚಿತ್ರ ತೀರ ಬೇರೆಯಾಗಿದೆ. ಹೊಟ್ಟೆಚೀಲದ ಸಸ್ತನಿಗಳಲ್ಲಿ ಡೈಪ್ರೋಟೊಡಾಂಟಿಯ ಎಂಬ ಗಣವಿದೆ. ಕೆಳದವಡೆಯಿಂದ ಮುಂದಕ್ಕೆ ಚಾಚಿದ ಎರಡು ದೊಡ್ಡ ಬಾಚಿಹಲ್ಲುಗಳು ಅದರ ಗುರುತು. ಕೋಆಲಾ, ವೊಂಬ್ಯಾಟ್, ಪೊಸಮ್‌ಗಳೂ ಇದೇ ಗಣಕ್ಕೆ ಸೇರಿದವು. ಇದರೊಳಗೆ ಕಾಂಗರೂ ಬಳಗಕ್ಕೆ ಮೂರು ಜೀವಂತ ಕುಟುಂಬಗಳು. ಒಂದು ಕುಟುಂಬದಲ್ಲಿ ಉಳಿದಿರುವುದು ಉತ್ತರ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಕಸ್ತೂರಿ ಇಲಿ-ಕಾಂಗರೂ ಒಂದೇ. ಅದು ಎರಡು ಕಾಲಿನ ಮೇಲೆ ಕುಪ್ಪಳಿಸುವುದಿಲ್ಲ, ನಾಲ್ಕು ಕಾಲಿನಲ್ಲಿ ನೆಗೆಯುತ್ತ ಓಡುತ್ತದೆ. ಹಿಂಗಾಲಿನಲ್ಲಿ ಐದು ಬೆರಳುಗಳನ್ನು ಇಂದಿಗೂ ಉಳಿಸಿಕೊಂಡಿದೆ, ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಎರಡನೆಯದು ಪೊಟೊರೂ ಮತ್ತು ಬೆಟಾಂಗ್‌ಗಳ ಕುಟುಂಬ. ಮೂರನೆಯದಾದ ಮ್ಯಾಕ್ರೋಪೊಡಿಡೇಯಲ್ಲಿ ಅರವತ್ತಕ್ಕೂ ಹೆಚ್ಚು ಪ್ರಭೇದಗಳು. ನಾವು ಕಾಂಗರೂ, ವಾಲಬಿ ಎನ್ನುವುದೆಲ್ಲ ಹೆಚ್ಚುಕಡಿಮೆ ಈ ಮೂರನೆಯ ಕುಟುಂಬದೊಳಗೇ ಬರುತ್ತದೆ.

ಆ ಕುಟುಂಬದ ಒಳಗೆ ಎಲ್ಲಿ ಗೆರೆ ಎಳೆದರೂ ಒಂದು ಕಡೆ ಕಾಂಗರೂಗಳು ಮಾತ್ರ, ಇನ್ನೊಂದು ಕಡೆ ವಾಲಬಿಗಳು ಮಾತ್ರ ಬರುವುದಿಲ್ಲ. ನ್ಯೂಗಿನಿ ಮತ್ತು ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಮರದ ಮೇಲೆ ಬದುಕುವ ಮರ ಕಾಂಗರೂಗಳಿಗೆ ತೀರ ಹತ್ತಿರದ ಬಂಧುಗಳು ಬಯಲಿನ ಕೆಂಪು ಕಾಂಗರೂಗಳಲ್ಲ, ಕಲ್ಲುಗುಡ್ಡಗಳ ಬಂಡೆ ವಾಲಬಿಗಳು. ಇತ್ತ ಕೆಂಪು ಕಾಂಗರೂ, ಬಂಡೆ ವಾಲಬಿಗಿಂತ ಟ್ಯಾಮರ್ ಎಂಬ ಪುಟ್ಟ ವಾಲಬಿಗೆ ಎಷ್ಟೋ ಹತ್ತಿರ. ಪಶ್ಚಿಮ ಆಸ್ಟ್ರೇಲಿಯದ ಪಟ್ಟೆ ಮೊಲ-ವಾಲಬಿಯ ಪ್ರಕರಣ ಇನ್ನೂ ಸೂಕ್ಷ್ಮ. ಹೆಸರಿನಿಂದ ಅದು ಇತರ ಮೊಲ-ವಾಲಬಿಗಳ ಜೊತೆಗಾರ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಬಹಳ ಹಿಂದೆಯೇ ಕವಲೊಡೆದ ಒಂದು ಶಾಖೆಯ ಕೊನೆಯ ಕುಡಿ, ಅದಕ್ಕೆ ಪ್ರತ್ಯೇಕ ಉಪಕುಟುಂಬವನ್ನೇ ಕೊಡಲಾಗಿದೆ. ಮುಖ್ಯ ಭೂಭಾಗದಲ್ಲಿ ಅಳಿದುಹೋಗಿ ಶಾರ್ಕ್ ಕೊಲ್ಲಿಯ ಬರ್ನಿಯರ್ ಮತ್ತು ಡೋರ್ ದ್ವೀಪಗಳಲ್ಲಷ್ಟೇ ಸಹಜವಾಗಿ ಬದುಕಿ ಉಳಿದದ್ದು ಅದು. ಅದು ಹೋದರೆ ಒಂದು ಪ್ರಭೇದವಲ್ಲ, ಒಂದು ಇಡೀ ವಂಶವೇ ಹೋಗುತ್ತದೆ. ವರ್ಗೀಕರಣದ ಕೆಲಸ ಇಲ್ಲದಿದ್ದರೆ ಈ ವ್ಯತ್ಯಾಸ ನಮಗೆ ಕಾಣುತ್ತಲೇ ಇರಲಿಲ್ಲ.

ಹೆಸರಿನ ಗೊಂದಲ ಹೊಸದೂ ಅಲ್ಲ. ಈ ಬಳಗದ ಪ್ರಾಣಿಯನ್ನು ಕಂಡು ವಿವರವಾಗಿ ಬರೆದಿಟ್ಟ ಮೊದಲ ಯುರೋಪಿಯನ್ನರಲ್ಲಿ ಡಚ್ ವ್ಯಾಪಾರಿ ಫ್ರಾನ್ಸಿಸ್ಕೊ ಪೆಲ್ಸರ್ಟ್ ಒಬ್ಬ. 1629ರಲ್ಲಿ ಬಟಾವಿಯ ಹಡಗು ಒಡೆದು ಅಬ್ರೋಲೋಸ್ ದ್ವೀಪಗಳಲ್ಲಿ ಸಿಲುಕಿದಾಗ ಅವನು ಕಂಡದ್ದು ಟ್ಯಾಮರ್ ವಾಲಬಿ. ಮರಿ ತಾಯಿಯ ಮೊಲೆತೊಟ್ಟಿನಿಂದಲೇ ಬೆಳೆದು ಬರುತ್ತದೆ ಎಂದು ಅವನು ಭಾವಿಸಿದ್ದ. 1770ರಲ್ಲಿ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಇಂದಿನ ಕುಕ್‌ಟೌನ್ ಬಳಿ ರಿಪೇರಿಗೆ ನಿಂತಾಗ ಅವನ ಜನ ಕೆಲವು ಪ್ರಾಣಿಗಳನ್ನು ಹೊಡೆದರು. ಆ ವರದಿಗಳ ಆಧಾರದ ಮೇಲೆ ಯುರೋಪಿನಲ್ಲಿ ಹೆಸರು ಕೊಡುವವರು ಮುಂದೆ ಬಂದರು. ಒಬ್ಬರು 1776ರಲ್ಲಿ ಅದನ್ನು ಇಲಿಯ ಕುಲಕ್ಕೆ ಸೇರಿಸಿದರು, ಇನ್ನೊಬ್ಬರು ಮರುವರ್ಷ ಜೆರ್ಬೋವ ಎಂಬ ಮರುಭೂಮಿಯ ಕುಪ್ಪಳಿಸುವ ಇಲಿಯ ಜೊತೆ ಇಟ್ಟರು. 1790ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಮ್ಯಾಕ್ರೋಪಸ್ ಕುಲವನ್ನು ಸ್ಥಾಪಿಸಿದ.

ಕುಕ್‌ನ ಜನ ಹೊಡೆದ ಪ್ರಾಣಿಗಳು ನಿಜಕ್ಕೂ ಯಾವ ಪ್ರಭೇದದವು ಎಂಬ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಜಗಳವೇ ಎದ್ದಿತು. ಬೂದು ಕಾಂಗರೂ ಎಂದರು ಕೆಲವರು, ವಾಲರೂ ಎಂದರು ಇನ್ನು ಕೆಲವರು. ಸಾಕ್ಷಿಯಾಗಿದ್ದ ಒಂದು ತಲೆಬುರುಡೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಗ್ರಹದಲ್ಲಿತ್ತು, 1941ರ ಬಾಂಬ್ ದಾಳಿಯಲ್ಲಿ ಅದೂ ನಾಶವಾಯಿತು. ಕೊನೆಗೆ 1966ರಲ್ಲಿ ಪ್ರಾಣಿನಾಮಗಳ ಅಂತಾರಾಷ್ಟ್ರೀಯ ಆಯೋಗ ತನ್ನ ವಿಶೇಷಾಧಿಕಾರ ಬಳಸಿ, ಶಾ ಕೊಟ್ಟ ಮ್ಯಾಕ್ರೋಪಸ್ ಜೈಗ್ಯಾಂಟಿಯಸ್ ಪೂರ್ವದ ಬೂದು ಕಾಂಗರೂವಿನ ಅಧಿಕೃತ ಹೆಸರು ಎಂದು ತೀರ್ಪು ಕೊಟ್ಟಿತು. ಜಗತ್ತಿಗೆಲ್ಲ ಗೊತ್ತಿರುವ ಒಂದು ಪ್ರಾಣಿಯ ಹೆಸರು ಸ್ಥಿರವಾಗಲು ಇಷ್ಟು ಕಾಲ ಹಿಡಿಯಿತು.

ಹೆಸರು ನಿಂತರೂ ಕುಲದ ವ್ಯಾಪ್ತಿ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮಧ್ಯಮ ಗಾತ್ರದ ವಾಲಬಿಗಳನ್ನು ಒಮ್ಮೆ ವಾಲಾಬಿಯ ಎಂಬ ಕುಲಕ್ಕೆ, ಇನ್ನೊಮ್ಮೆ ಪ್ರೊಟೆಮ್ನೊಡಾನ್ ಎಂಬ ಪಳೆಯುಳಿಕೆಗಳ ಕುಲಕ್ಕೆ ಸೇರಿಸಿದರು. ಟ್ಯಾಮರ್ ವಾಲಬಿಯ ಸಂತಾನೋತ್ಪತ್ತಿ ಕುರಿತು 1960ರ ದಶಕದ ಪ್ರಬಂಧಗಳನ್ನು ಹುಡುಕುವ ವಿದ್ಯಾರ್ಥಿ ಇಂದಿಗೂ ಪ್ರೊಟೆಮ್ನೊಡಾನ್ ಯುಜೀನಿಯೈ ಎಂದು ಹುಡುಕಬೇಕು, ಆಮೇಲಿನವಕ್ಕೆ ಮ್ಯಾಕ್ರೋಪಸ್ ಯುಜೀನಿಯೈ, ತೀರ ಇತ್ತೀಚಿನವಕ್ಕೆ ನೋಟಮ್ಯಾಕ್ರೋಪಸ್ ಯುಜೀನಿಯೈ. ಹೆಸರು ಬದಲಾವಣೆಗೆ ತೆರಬೇಕಾದ ಬೆಲೆ ಇದು. ಅದನ್ನು ಹಗುರವಾಗಿ ಕಾಣುವಂತಿಲ್ಲ.

1985ರಲ್ಲಿ ಲಿಂಡಾಲ್ ಡಾಸನ್ ಮತ್ತು ಟಿಮ್ ಫ್ಲಾನರಿ ತಲೆಬುರುಡೆ ಮತ್ತು ಹಲ್ಲುಗಳನ್ನು ಪರಿಶೀಲಿಸಿ ಮ್ಯಾಕ್ರೋಪಸ್ ಕುಲವನ್ನು ಮೂರು ಉಪಕುಲಗಳಾಗಿ ಹಂಚಿದರು: ಬೂದು ಕಾಂಗರೂಗಳ ಮ್ಯಾಕ್ರೋಪಸ್, ಕೆಂಪು ಕಾಂಗರೂ ಹಾಗೂ ವಾಲರೂಗಳ ಆಸ್ಫ್ರಾಂಟರ್, ಪೊದೆಗಾಡಿನ ವಾಲಬಿಗಳ ನೋಟಮ್ಯಾಕ್ರೋಪಸ್. ಎಲುಬು ನೋಡಿ ಮಾಡಿದ ಈ ಹಂಚಿಕೆ ಡಿಎನ್‌ಎ ಯುಗದಲ್ಲೂ ಬಹುಪಾಲು ನಿಂತಿತು. ಆದರೆ ಒಂದು ಪ್ರಾಣಿ ಹೊರಗೇ ಉಳಿದಿತ್ತು. ಅದೇ ಜೌಗು ವಾಲಬಿ, ವಾಲಾಬಿಯ ಕುಲದ ಏಕೈಕ ಜೀವಂತ ಸದಸ್ಯ.

ಅದನ್ನು ಹೊರಗಿಟ್ಟವರ ತಪ್ಪೇನೂ ಇಲ್ಲ. ಈ ಪ್ರಾಣಿ ಎಲ್ಲ ರೀತಿಯಲ್ಲೂ ಬೇರೆ. ಹುಲ್ಲಿಗಿಂತ ಪೊದೆ, ಚಿಗುರು, ಜರೀಗಿಡಗಳನ್ನು ಹೆಚ್ಚಾಗಿ ಮೇಯುತ್ತದೆ, ಹಲ್ಲುಗಳೂ ಅದಕ್ಕೆ ತಕ್ಕಂತಿವೆ. ಪೊದೆಗಾಡಿನ ವಾಲಬಿಗಳಲ್ಲಿ ಸಾಮಾನ್ಯವಾಗಿ ಹದಿನಾರು ವರ್ಣತಂತುಗಳಿದ್ದರೆ ಜೌಗು ವಾಲಬಿಯ ಹೆಣ್ಣಿಗೆ ಹತ್ತು, ಗಂಡಿಗೆ ಹನ್ನೊಂದು. ಹೆಣ್ಣಿನ ಗರ್ಭಾವಧಿ ಅದರ ಬೆದೆಯ ಚಕ್ರಕ್ಕಿಂತ ಉದ್ದ. ಹಾಗಾಗಿ ಹೊಟ್ಟೆಯಲ್ಲಿರುವ ಮರಿ ಹುಟ್ಟುವ ಒಂದೆರಡು ದಿನ ಮುಂಚೆಯೇ ಮತ್ತೆ ಗರ್ಭ ಕಟ್ಟುತ್ತದೆ ಎಂದು 2020ರಲ್ಲಿ ಸ್ಕ್ಯಾನಿಂಗ್ ಮೂಲಕ ದೃಢಪಟ್ಟಿತು. ಪ್ರೌಢ ಹೆಣ್ಣು ಬಹುತೇಕ ಜೀವನವಿಡೀ ಗರ್ಭಿಣಿ ಎಂದರೂ ಸರಿ. ಇಂಥ ಪ್ರಾಣಿಗೆ ಸ್ವಂತ ಕುಲ ಕೊಡದೆ ಇನ್ನೇನು ಮಾಡುವುದು?

ವಂಶವಾಹಿಗಳು ಬೇರೆಯದನ್ನೇ ಹೇಳಿದವು. 2009ರಲ್ಲಿ ರಾಬರ್ಟ್ ಮೆರೆಡಿತ್, ಮೈಕಲ್ ವೆಸ್ಟರ್‌ಮನ್ ಮತ್ತು ಮಾರ್ಕ್ ಸ್ಪ್ರಿಂಗರ್ ನಡೆಸಿದ ವಿಶ್ಲೇಷಣೆಯಲ್ಲಿ ಜೌಗು ವಾಲಬಿ ಮ್ಯಾಕ್ರೋಪಸ್‌ನ ಹೊರಗಲ್ಲ, ನಟ್ಟನಡುವೆ ಕುಳಿತಿತ್ತು. ಮುಂದಿನ ಹಲವು ಅಧ್ಯಯನಗಳೂ ಅದನ್ನೇ ತೋರಿಸಿದವು. ಬೂದು ಕಾಂಗರೂ, ಕೆಂಪು ಕಾಂಗರೂ, ಪೊದೆಗಾಡಿನ ವಾಲಬಿ ಎಲ್ಲವೂ ಒಬ್ಬ ಪೂರ್ವಜನ ಸಂತತಿಯಾದರೆ ಜೌಗು ವಾಲಬಿಯೂ ಅದೇ ಪೂರ್ವಜನ ಸಂತತಿ.

ಇಲ್ಲಿ ವರ್ಗೀಕರಣದ ಒಂದು ಮೂಲ ನಿಯಮ ಅಡ್ಡ ಬರುತ್ತದೆ. ಒಂದು ಕುಲವೆಂದರೆ ಒಬ್ಬ ಪೂರ್ವಜ ಮತ್ತು ಅವನ ಎಲ್ಲ ಸಂತತಿ. ಚಹರೆ ಬೇರೆಯಾಯಿತೆಂದು ಒಬ್ಬ ಮಗನನ್ನು ವಂಶವೃಕ್ಷದಿಂದ ಕೈಬಿಡುವಂತಿಲ್ಲ. ಹಾಗಾದರೆ ದಾರಿ ಎರಡೇ. ಜೌಗು ವಾಲಬಿಯನ್ನೂ ಮ್ಯಾಕ್ರೋಪಸ್‌ಗೆ ಸೇರಿಸಿ ಕುಲವನ್ನು ಹಿಗ್ಗಿಸಬೇಕು, ಇಲ್ಲವೇ ಮೂರು ಉಪಕುಲಗಳನ್ನು ಪೂರ್ಣ ಕುಲಗಳಾಗಿಸಿ ವಾಲಾಬಿಯವನ್ನು ಅವುಗಳ ಪಕ್ಕ ನಾಲ್ಕನೆಯದಾಗಿ ಇಡಬೇಕು. ಎರಡೂ ನಿಯಮಬದ್ಧ, ಎರಡಕ್ಕೂ ವಂಶವಾಹಿಯ ಸಾಕ್ಷ್ಯವಿದೆ. ಯಾವುದನ್ನು ಆರಿಸಬೇಕೆಂದು ಡಿಎನ್‌ಎ ಹೇಳುವುದಿಲ್ಲ, ಅದನ್ನು ಮನುಷ್ಯರೇ ತೀರ್ಮಾನಿಸಬೇಕು.

ಇದೇ ಕುಟುಂಬದಲ್ಲಿ ಇಂಥದ್ದೇ ಸಮಸ್ಯೆಗೆ ಹಿಂದೆ ವಿರುದ್ಧ ಪರಿಹಾರ ಕಂಡುಕೊಂಡಿದ್ದರು ಎಂಬುದು ಗಮನಾರ್ಹ. ಉತ್ತರ ಆಸ್ಟ್ರೇಲಿಯದ ನಬಾರ್ಲೆಕ್ ಎಂಬ ಪುಟ್ಟ ಬಂಡೆ ವಾಲಬಿಗೆ ಜೀವನವಿಡೀ ಹೊಸ ದವಡೆಹಲ್ಲುಗಳು ಹಿಂದಿನಿಂದ ಹುಟ್ಟುತ್ತ ಮುಂದಕ್ಕೆ ಸರಿಯುತ್ತವೆ. ಇದು ಸಸ್ತನಿಗಳಲ್ಲಿ ಅತ್ಯಪರೂಪ. ಅದಕ್ಕಾಗಿಯೇ ಪೆರಡಾರ್ಕಸ್ ಎಂಬ ಪ್ರತ್ಯೇಕ ಕುಲ ಕೊಟ್ಟಿದ್ದರು. ವಂಶವಾಹಿ ನೋಡಿದಾಗ ಅದು ಬಂಡೆ ವಾಲಬಿಗಳ ಪೆಟ್ರೊಗೇಲ್ ಕುಲದ ಒಳಗೇ ಇತ್ತು. ಆಗ ಪೆಟ್ರೊಗೇಲನ್ನು ಒಡೆಯಲಿಲ್ಲ, ಪೆರಡಾರ್ಕಸನ್ನೇ ಕರಗಿಸಿದರು. ಹಾಗಾದರೆ ಜೌಗು ವಾಲಬಿಗೆ ಬೇರೆ ನ್ಯಾಯವೇಕೆ?

ಉತ್ತರ ಕಾಲದಲ್ಲಿದೆ ಎಂದು ನನಗೆ ತೋರುತ್ತದೆ. ಬಂಡೆ ವಾಲಬಿಗಳು ಒಂದೇ ಬಗೆಯ ನೆಲೆಗೆ ಒಗ್ಗಿಕೊಂಡ, ಇತ್ತೀಚೆಗೆ ಕವಲೊಡೆದ ಗುಂಪು. ಬೂದು ಕಾಂಗರೂ, ಕೆಂಪು ಕಾಂಗರೂ, ಪೊದೆಗಾಡಿನ ವಾಲಬಿಗಳ ಸಂಗತಿ ಹಾಗಲ್ಲ. ಏಡನ್ ಕಝೆನ್ಸ್ ಮತ್ತು ಗ್ಯಾವಿನ್ ಪ್ರಿಡೋ 2018ರಲ್ಲಿ ಹಲ್ಲಿನ ಪಳೆಯುಳಿಕೆಗಳನ್ನು ಅಳೆದು ತೋರಿಸಿದಂತೆ, ಪ್ಲಯೊಸೀನ್ ಯುಗದಲ್ಲಿ, ಸುಮಾರು ಮೂರು ನಾಲ್ಕು ದಶಲಕ್ಷ ವರ್ಷಗಳ ಹಿಂದೆ, ಹುಲ್ಲುಗಾವಲು ಹರಡಿದಾಗ ಇವುಗಳ ಪೂರ್ವಜರು ಎತ್ತರದ ಗಟ್ಟಿ ಹಲ್ಲುಗಳನ್ನು ವೇಗವಾಗಿ ಪಡೆದುಕೊಂಡು ಬೇರೆಬೇರೆ ಬದುಕಿನ ದಾರಿ ಹಿಡಿದರು. ಆ ಕವಲುಗಳು ಹಳೆಯವು, ರೂಪದಲ್ಲೂ ಆಹಾರದಲ್ಲೂ ಸ್ಪಷ್ಟವಾಗಿ ದೂರವಾದವು. ಸ್ಟೀಫನ್ ಜಾಕ್ಸನ್ ಮತ್ತು ಕಾಲಿನ್ ಗ್ರೋವ್ಸ್ 2015ರಲ್ಲೇ ಅವನ್ನು ಪೂರ್ಣ ಕುಲಗಳಾಗಿ ಏರಿಸಿದ್ದರು. 2019ರಲ್ಲಿ ಮೆಲಿನಾ ಸೆಲಿಕ್ ಮತ್ತು ಸಂಗಡಿಗರು ಡಿಎನ್‌ಎ ಹಾಗೂ ತಲೆಬುರುಡೆಯ ಅಳತೆಗಳೆರಡನ್ನೂ ಮುಂದಿಟ್ಟು ಅದನ್ನೇ ಬೆಂಬಲಿಸಿದರು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರೆ ಮ್ಯಾಕ್ರೋಪಸ್ ಎಂಬ ಹೆಸರು ಪ್ರಾಣಿಯ ಬಗ್ಗೆ ಬಹಳ ಕಡಿಮೆ ಹೇಳುತ್ತಿತ್ತು. ಬಿಡಿಸಿದ್ದೇ ಸರಿ.

ಆದರೆ ಬಿಡಿಸಿದ ಮಾತ್ರಕ್ಕೆ ಎಲ್ಲವೂ ಇತ್ಯರ್ಥವಾಯಿತು ಎನ್ನುವವರು ಮರಿಯಾ ನಿಲ್ಸನ್ ಮತ್ತು ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಅವರು ಹನ್ನೊಂದು ಕಾಂಗರೂಗಳ ಪೂರ್ಣ ಜೀನೋಮ್‌ಗಳನ್ನು, ಅಂದರೆ ಇಡೀ ಡಿಎನ್‌ಎ ಬರಹವನ್ನು ತೆಗೆದುಕೊಂಡು, ತಲಾ ಹತ್ತು ಸಾವಿರ ಅಕ್ಷರಗಳ ಸುಮಾರು 14,900 ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕು ಯಾವ ವಂಶವೃಕ್ಷವನ್ನು ಹೇಳುತ್ತದೆಂದು ನೋಡಿದರು. ಒಟ್ಟು ಲೆಕ್ಕದಲ್ಲಿ ಜೌಗು ವಾಲಬಿ ಹಳೆಯ ವಿಶಾಲ ಮ್ಯಾಕ್ರೋಪಸ್ ಒಳಗೇ ಬಂತು. ಆದರೆ ಅದರ ಜೀನೋಮಿನ ಕೆಲವು ಭಾಗಗಳು ಒಪ್ಪಲಿಲ್ಲ. ಅವು ಮ್ಯಾಕ್ರೋಪಸ್‌ನ ಹೊರಗಿನ, ಇಂದು ಬದುಕಿಲ್ಲದ ಯಾವುದೋ ವಂಶದ ಕಡೆ ಬೊಟ್ಟು ಮಾಡಿದವು. ಜೌಗು ವಾಲಬಿಯ ಪೂರ್ವಜರು ಕನಿಷ್ಠ ಒಮ್ಮೆ ಆ ಅಳಿದ ವಂಶದೊಂದಿಗೆ ಕೂಡಿ ಸಂತಾನ ಪಡೆದಿರಬೇಕು ಎಂಬುದು ತಂಡದ ವಿವರಣೆ. ಎಲುಬು ಒಂದು ಹೇಳಿ, ಒಂದು ವಂಶವಾಹಿ ಇನ್ನೊಂದು ಹೇಳಿ, ಮತ್ತೊಂದು ವಂಶವಾಹಿ ಮಗದೊಂದು ಹೇಳುತ್ತಿದ್ದುದು ಸಂಶೋಧಕರ ಎಡವಟ್ಟಿನಿಂದಲ್ಲ. ಆ ಪ್ರಾಣಿಯ ಚರಿತ್ರೆಯೇ ಬೆರಕೆಯದು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನನ್ನನ್ನು ಹೆಚ್ಚು ಕಾಡುತ್ತದೆ. ಟ್ಯಾಮರ್, ಕೆಂಪುಕತ್ತಿನ, ಅಜೈಲ್, ಪಾರ್ಮಾ ವಾಲಬಿಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂದು ಪೂರ್ಣ ಜೀನೋಮ್ ಬಳಸಿದರೂ ಬಿಡಿಸಲಾಗಲಿಲ್ಲ. ಅವು ಬಹುಶಃ ಒಂದೇ ಕಾಲಕ್ಕೆ ನಾಲ್ಕು ಕಡೆ ಹೊರಟವು. ದತ್ತಾಂಶ ಸಾಲದೆ ಉತ್ತರ ಸಿಗದಿರುವುದು ಒಂದು, ಉತ್ತರವೇ ಇಲ್ಲದಿರುವುದು ಇನ್ನೊಂದು. ಇದು ಎರಡನೆಯದು. ಎರಡೆರಡಾಗಿ ಕವಲೊಡೆಯುವ ಅಚ್ಚುಕಟ್ಟಾದ ವಂಶವೃಕ್ಷವನ್ನು ನಿಸರ್ಗದಿಂದ ಬಯಸುವುದು ನಮ್ಮ ಅಭ್ಯಾಸವಷ್ಟೇ.

ಇಷ್ಟೆಲ್ಲ ಸೂಕ್ಷ್ಮ ಯಾರಿಗೆ ಬೇಕು ಎಂದರೆ, ಮೊದಲು ಕಾಂಗರೂಗಳಿಗೇ ಬೇಕು. ಆಸ್ಟ್ರೇಲಿಯದಲ್ಲಿ ಕೆಂಪು ಕಾಂಗರೂ, ಎರಡು ಬೂದು ಕಾಂಗರೂಗಳು, ಸಾಮಾನ್ಯ ವಾಲರೂ ಮಾಂಸ ಮತ್ತು ಚರ್ಮಕ್ಕಾಗಿ ಕಾನೂನುಬದ್ಧವಾಗಿ ಬೇಟೆಯಾಗುತ್ತವೆ, ಕೋಟಾ ನಿಗದಿಯಾಗುವುದು ಪ್ರಭೇದವಾರು. ಪೂರ್ವ ಮತ್ತು ಪಶ್ಚಿಮದ ಬೂದು ಕಾಂಗರೂಗಳು ನಿಸ್ಸಂದೇಹವಾಗಿ ಎರಡು ಪ್ರಭೇದಗಳು ಎಂದು ಜಾನ್ ಕಿರ್ಶ್ ಮತ್ತು ಪೂಲ್ ರಕ್ತಸಾರದ ಪ್ರೋಟೀನುಗಳಿಂದ ತೋರಿಸಿದ್ದು 1972ರಲ್ಲಿ. ಪೂರ್ವದ್ದರ ಗರ್ಭಾವಧಿ ಸುಮಾರು 36 ದಿನ, ಪಶ್ಚಿಮದ್ದು ಸುಮಾರು 30. ಪೂರ್ವದ ಹೆಣ್ಣು ಭ್ರೂಣದ ಬೆಳವಣಿಗೆಯನ್ನು ತಡೆಹಿಡಿಯಬಲ್ಲದು, ಪಶ್ಚಿಮದ್ದಕ್ಕೆ ಆ ಶಕ್ತಿಯಿಲ್ಲ. ಬರ ಬಂದು ಹೋದ ಮೇಲೆ ಇವೆರಡೂ ಒಂದೇ ರೀತಿ ಚೇತರಿಸಿಕೊಳ್ಳುತ್ತವೆ ಎಂದು ಊಹಿಸುವಂತಿಲ್ಲ. ಆದರೆ ವಿಮಾನದಿಂದ ಎಣಿಸುವಾಗ ಎರಡನ್ನೂ ಖಚಿತವಾಗಿ ಬೇರ್ಪಡಿಸಲಾಗದು. ಎರಡೂ ಒಟ್ಟಿಗೆ ಇರುವ ನ್ಯೂ ಸೌತ್ ವೇಲ್ಸ್‌ನಂಥ ಕಡೆ ಒಟ್ಟಿಗೆ ಎಣಿಸಿ, ಆಮೇಲೆ ಅನುಪಾತದಿಂದ ಹಂಚುತ್ತಾರೆ.

ಉಪಪ್ರಭೇದದ ಮಟ್ಟದಲ್ಲೂ ಇದು ಜೀವನ್ಮರಣದ ಪ್ರಶ್ನೆಯಾಗಬಲ್ಲದು. ದಕ್ಷಿಣ ಆಸ್ಟ್ರೇಲಿಯದ ಮುಖ್ಯ ಭೂಭಾಗದ ಟ್ಯಾಮರ್ ವಾಲಬಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿಂದ ಕಾಣೆಯಾಯಿತು. ಜಮೀನು ಮಾಡಲು ಪೊದೆ ಕಡಿದದ್ದು, ನರಿಗಳು ಬಂದದ್ದು, ಬೇಟೆ ಎಲ್ಲವೂ ಸೇರಿ ಅದನ್ನು ಮುಗಿಸಿದವು. ಆದರೆ ಅದಕ್ಕೂ ಮುಂಚೆ, ದಕ್ಷಿಣ ಆಸ್ಟ್ರೇಲಿಯದ ಗವರ್ನರ್ ಆಗಿದ್ದು ನಂತರ ನ್ಯೂಜಿಲೆಂಡಿಗೆ ಹೋದ ಜಾರ್ಜ್ ಗ್ರೇ, ಆಕ್ಲೆಂಡ್ ಬಳಿಯ ತನ್ನ ಕವಾವ್ ದ್ವೀಪಕ್ಕೆ ಕೆಲವು ಬಗೆಯ ವಾಲಬಿಗಳನ್ನು ಒಯ್ದಿದ್ದ. ಅಲ್ಲಿ ಅವು ಗಿಡಮರ ತಿಂದುಹಾಕುವ ಪೀಡೆಯಾಗಿ ಬೆಳೆದವು, ನಿರ್ಮೂಲನೆಯ ಯತ್ನಗಳೂ ನಡೆದವು. 1990ರ ದಶಕದ ಕೊನೆಯಲ್ಲಿ ತಳಿ ಪರೀಕ್ಷೆ ಮಾಡಿದಾಗ ಕವಾವ್‌ನ ಟ್ಯಾಮರ್‌ಗಳು ದಕ್ಷಿಣ ಆಸ್ಟ್ರೇಲಿಯದ ಆ ಕಳೆದುಹೋದ ಉಪಪ್ರಭೇದವೇ ಎಂದು ಗೊತ್ತಾಯಿತು. 2003ರಲ್ಲಿ ಕೆಲವನ್ನು ವಾಪಸ್ ತಂದು, ಮರುವರ್ಷ ಯಾರ್ಕ್ ಪರ್ಯಾಯ ದ್ವೀಪದ ಇನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲು ಆರಂಭಿಸಿದರು. ಎಲ್ಲ ಟ್ಯಾಮರ್‌ಗಳೂ ಒಂದೇ ಎಂದು ಬಗೆದಿದ್ದರೆ ಕೊನೆಯ ಸಂತತಿಯನ್ನು ಪೀಡೆಯೆಂದು ನಾವೇ ವಿಷವಿಟ್ಟು ಕೊಲ್ಲುತ್ತಿದ್ದೆವು.

ಅದೇ ಗ್ರೇಯ ಹೆಸರನ್ನು ಹೊತ್ತ ನೋಟಮ್ಯಾಕ್ರೋಪಸ್ ಗ್ರೇಯೈ, ಅಂದರೆ ಟೂಲೇಚಿ ವಾಲಬಿಗೆ ಆ ಅದೃಷ್ಟ ಇರಲಿಲ್ಲ. ಈ ಬಳಗದ ಅತ್ಯಂತ ಚೆಲುವಿನ, ಅತ್ಯಂತ ವೇಗದ ವಾಲಬಿ ಅದು ಎಂದು ಕಂಡವರು ಬರೆದಿದ್ದಾರೆ. ಚರ್ಮಕ್ಕಾಗಿ, ಮೋಜಿಗಾಗಿ ಅದನ್ನು ಬೇಟೆಯಾಡಿದರು. ಉಳಿದವನ್ನು ಹಿಡಿದು ಬೇರೆಡೆ ಸಾಗಿಸುವ 1920ರ ದಶಕದ ಪ್ರಯತ್ನ ವಿಫಲವಾಯಿತು. ಕೊನೆಯದಾಗಿ ಗೊತ್ತಿದ್ದ ಒಂದು 1939ರವರೆಗೆ ಬಂಧನದಲ್ಲಿ ಬದುಕಿತ್ತು.

ಕ್ವೀನ್ಸ್‌ಲ್ಯಾಂಡಿನ ಬಂಡೆ ವಾಲಬಿಗಳಲ್ಲಿ ಕೆಲವನ್ನು ಕಣ್ಣಿನಿಂದ ನೋಡಿ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಮಾರ್ಕ್ ಎಲ್ಡ್ರಿಜ್ ಮತ್ತು ರಾಬರ್ಟ್ ಕ್ಲೋಸ್ 1992ರಲ್ಲಿ ವರ್ಣತಂತು ಮತ್ತು ತಳಿ ಸಾಕ್ಷ್ಯದಿಂದ ಅಲ್ಲಿ ಹೊಸ ಪ್ರಭೇದಗಳನ್ನು ಹೆಸರಿಸಿದರು. ಒಂದೇ ಪ್ರಭೇದವೆಂದು ಎಣಿಸಿದರೆ ಸಾಕಷ್ಟಿವೆ ಅನ್ನಿಸುವ ಪ್ರಾಣಿ, ಹಲವೆಂದು ತಿಳಿದಾಗ ಒಂದೊಂದೂ ಕೆಲವೇ ಗುಡ್ಡಗಳಿಗೆ ಸೀಮಿತ ಎಂದು ಅರಿವಾಗುತ್ತದೆ.

ನಮ್ಮಲ್ಲಿಗೂ ಈ ಪ್ರಶ್ನೆ ಬಂದು ತಲುಪಿದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ ಕಸ್ಟಮ್ಸ್ ಅಧಿಕಾರಿಗಳಿಗೆ 234 ವನ್ಯಜೀವಿಗಳು ಸಿಕ್ಕವು. ಹಾವು, ಆಮೆಗಳ ಜೊತೆ ಉಸಿರುಗಟ್ಟಿ ಸತ್ತಿದ್ದ ಒಂದು ಕಾಂಗರೂ ಮರಿಯೂ ಇತ್ತು. ಇಂಥ ಪ್ರಕರಣದಲ್ಲಿ ಕಾಂಗರೂ ಎಂದು ಬರೆದುಕೊಂಡರೆ ಸಾಲದು. ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಗಳು ಪ್ರಭೇದದ ಹೆಸರಿನ ಮೇಲೆ ನಿಂತಿವೆ. ಪಟ್ಟೆ ಮೊಲ-ವಾಲಬಿ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ, ಕೆಂಪು ಕಾಂಗರೂ ಯಾವ ಪಟ್ಟಿಯಲ್ಲೂ ಇಲ್ಲ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯ್ದೆ ಸೈಟಿಸ್ ಪಟ್ಟಿಗಳನ್ನೇ ತನ್ನ ನಾಲ್ಕನೆಯ ಅನುಸೂಚಿಗೆ ತಂದುಕೊಂಡಿದೆ. ಮರಿಯ ಪ್ರಭೇದವನ್ನು ಗುರುತಿಸಬಲ್ಲ ಪ್ರಯೋಗಾಲಯ, ಹಳೆಯ ಮತ್ತು ಹೊಸ ಹೆಸರುಗಳೆರಡನ್ನೂ ತಿಳಿದ ಅಧಿಕಾರಿ, ಇಬ್ಬರೂ ಬೇಕು. ಆಸ್ಫ್ರಾಂಟರ್ ಎಂದು ಬಂದ ವರದಿಯನ್ನು ಮ್ಯಾಕ್ರೋಪಸ್ ಎಂದಿರುವ ಕಡತದಲ್ಲಿ ಹುಡುಕಿ ಸಿಗಲಿಲ್ಲವೆಂದು ಬಿಡುವಂತಾಗಬಾರದು.

ಮುಂದಿನ ದೊಡ್ಡ ಕೆಲಸ ಪಳೆಯುಳಿಕೆಗಳದ್ದು. 2024ರಲ್ಲಿ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಐಸಾಕ್ ಕೆರ್ ಮತ್ತು ಸಂಗಡಿಗರು ನಾಲ್ಕು ದೇಶಗಳ 14 ಸಂಗ್ರಹಾಲಯಗಳ 800ಕ್ಕೂ ಹೆಚ್ಚು ಮಾದರಿಗಳನ್ನು ಪರಿಶೀಲಿಸಿ, ಅಳಿದುಹೋದ ಕಾಂಗರೂಗಳ ಪ್ರೊಟೆಮ್ನೊಡಾನ್ ಕುಲವನ್ನು ಹೊಸದಾಗಿ ಪರಿಷ್ಕರಿಸಿದರು. ಮೂರು ಹೊಸ ಪ್ರಭೇದಗಳು ಹೊರಬಂದವು. ವಯೇಟರ್ ಎಂದು ಹೆಸರಿಟ್ಟದ್ದು 170 ಕಿಲೋವರೆಗೆ ತೂಗುತ್ತಿತ್ತು, ಇಂದಿನ ಅತಿದೊಡ್ಡ ಕೆಂಪು ಕಾಂಗರೂವಿನ ಸುಮಾರು ಎರಡರಷ್ಟು. ಇನ್ನೊಂದಕ್ಕೆ ಡಾಸನೇ ಎಂದು ಹೆಸರಿಟ್ಟರು, 1985ರ ಹಂಚಿಕೆ ಮಾಡಿದ ಲಿಂಡಾಲ್ ಡಾಸನ್ ಗೌರವಾರ್ಥ. ಈಗ ಮ್ಯಾಕ್ರೋಪಸ್ ಎಂಬ ಹಳೆಯ ಹೆಸರಿನಡಿ ಪೆಟ್ಟಿಗೆಗಳಲ್ಲಿರುವ ಎಲುಬುಗಳ ಸರದಿ. ಬಿಸಿಲ ನೆಲದಲ್ಲಿ ಡಿಎನ್‌ಎ ಬಹುಕಾಲ ಉಳಿಯುವುದಿಲ್ಲವಾದ್ದರಿಂದ ಅವುಗಳಲ್ಲಿ ಹೆಚ್ಚಿನವನ್ನು ಹಲ್ಲು, ದವಡೆ, ಪಾದದ ಮೂಳೆ ನೋಡಿಯೇ ನಾಲ್ಕು ಕುಲಗಳಲ್ಲಿ ಒಂದಕ್ಕೆ ಸೇರಿಸಬೇಕು, ಇಲ್ಲವೇ ಐದನೆಯದೊಂದನ್ನು ಕಟ್ಟಬೇಕು.